ಹಾಡು ನಮ್ಮದು, ಒಳ್ಳೆ ಸದ್ದು ಯಾರದ್ದು?



ಸ್ವಲ್ಪ ಉದ್ದದ ಪೋಸ್ಟು. ಪುರುಸೊತ್ತಾದಾಗ ಓದಿ, ಆದರೆ ಪೂರ್ತಿ ಓದಿ.

ಕಳೆದ ವಾರ ನಮ್ಮ ಸಂಗಾತಿಗಳ ವಾಟ್ಸಾಪ್ ಗುಂಪಿನಲ್ಲಿ ನಾನೊಂದು ಮಾತು ಹಾಕಿದ್ದೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಈ ನಾಲ್ಕು ತಾಲ್ಲೂಕಿನ ಕಾಲೋನಿಗಳಲ್ಲಿ ಹಳೇ ಹೋರಾಟದ ಹಾಡಿನ ಕ್ಯಾಸೆಟ್ ಯಾರ್ಯಾರ ಮನೇಲಿ ಉಳಿದಾವೆ ನೋಡೋಣ, ಒಟ್ಟು ಮಾಡಿ ಡಿಜಿಟಲ್ ಮಾಡೋಣ ಅಂತ. ಮೊಬೈಲ್ ಹತ್ರ ಹಿಡಿದು ಹೆಂಗೋ ಒಂದು ರೆಕಾರ್ಡ್ ಮಾಡೋದು ಬೇಡ, ಒಳ್ಳೆ ಗುಣಮಟ್ಟದಲ್ಲಿ ಮಾಡೋಣ, ಕೂತು ಕೇಳೋಕೆ ಅಂಬೇಡ್ಕರ್ ಭವನದಲ್ಲಿ ಎರಡು ಒಳ್ಳೆ ಸ್ಪೀಕರ್ ಇಡೋಣ ಅಂತಾನೂ ಬರೆದಿದ್ದೆ. ಅದಕ್ಕೆ ಒಬ್ಬ ಹಿರಿಯರು ಉತ್ತರ ಹಾಕಿದರು: "ಬಗರ್‌ಹುಕುಂ ಅರ್ಜಿ ಕೊಳೀತಾ ಬಿದ್ದಾವೆ, ಒಳಮೀಸಲಾತಿ ಗುದ್ದಾಟ ಮುಗಿದಿಲ್ಲ, ಸ್ಮಶಾನಕ್ಕೆ ಜಾಗ ಇಲ್ಲ. ನಿಂಗೆ ಹೈಫೈ ಸೌಂಡಿನ ಚಿಂತೆ ಏನಪ್ಪಾ?"

ಅವರ ಮೇಲೆ ನನಗೆ ಗೌರವ ಐತೆ. ಅವರು ಹೇಳಿದ ಮೂರೂ ಸತ್ಯ. ಗುಂಪಿನಲ್ಲಿ ನಾಲ್ಕು ಸಾಲಲ್ಲಿ ಮುಗಿಯೋ ಉತ್ತರ ಅಲ್ಲವಾದ್ದರಿಂದ ಇಲ್ಲಿ ಬರೀತಿದೀನಿ.

ಮೊದಲು ಈ ಹಾಡು ಕೇಳೋ ಯಂತ್ರಗಳು ಯಾರ ಮನೆಗೆ ಯಾವಾಗ ಬಂದವು ನೋಡೋಣ. ಭಾರತದಲ್ಲಿ ಮೊದಲ ಗ್ರಾಮಫೋನ್ ರೆಕಾರ್ಡಿಂಗ್ ನಡೆದದ್ದು 1902ರಲ್ಲಿ, ಕಲ್ಕತ್ತಾದಲ್ಲಿ. ಹಾಡಿದವರಲ್ಲಿ ಪ್ರಸಿದ್ಧರು ಗೌಹರ್ ಜಾನ್. 'ಮರ್ಯಾದಸ್ಥ' ಮನೆತನದವರು ಆ ಕೊಳವೆ ಮುಂದೆ ಹಾಡೋಕೆ ಹಿಂಜರಿದ ಕಾಲದಲ್ಲಿ ಹಾಡಿದವರು ತವಾಯಫರು, ದೇವದಾಸಿ ಮನೆತನದ ಹೆಣ್ಣುಮಕ್ಕಳು. ಯಂತ್ರಕ್ಕೆ ಬೆಲೆ ಬಂದಮೇಲೆ, ಮರ್ಯಾದೆ ಬಂದಮೇಲೆ, ಆ ಹೆಣ್ಣುಮಕ್ಕಳು ಹಿಂದಕ್ಕೆ ಸರಿದರು. ರೆಕಾರ್ಡು ಪ್ಲೇಯರು ನಮ್ಮ ಕಡೆ ಗೌಡರ ಮನೆ, ಶಾನುಭೋಗರ ಮನೆ, ಪೇಟೆ ಸಾಹುಕಾರರ ಮನೆ, ಟೂರಿಂಗ್ ಟಾಕೀಸು ಇಷ್ಟರಲ್ಲೇ ಮುಗೀತು. ನಮ್ಮ ಕೇರಿಗೆ ಹಾಡು ಬಂದದ್ದು ಲೌಡ್‌ಸ್ಪೀಕರಿನಿಂದ, ಅದೂ ಊರ ಕಡೆಯಿಂದ ಗಾಳಿ ಬೀಸಿದರೆ. ಆಮೇಲೆ ರೇಡಿಯೋ. 1965ರಲ್ಲಿ ಭದ್ರಾವತಿ ಆಕಾಶವಾಣಿ ಶುರುವಾದ ಮೇಲೆ ಒಂದು ರೇಡಿಯೋ ಇದ್ದ ಮನೆ ಮುಂದೆ ಇಡೀ ಬೀದಿ ಕೂರುತ್ತಿತ್ತು. ಆದರೆ ರೇಡಿಯೋ ಕೇಳೋಕಷ್ಟೇ. ನಮ್ಮ ಹಾಡನ್ನ ನಾವೇ ಅದರೊಳಗೆ ಹಾಕೋಕಾಗಲ್ಲ.

ಅದನ್ನ ಬದಲಾಯಿಸಿದ್ದು ಕ್ಯಾಸೆಟ್. ಫಿಲಿಪ್ಸ್ ಕಂಪನಿ ಅದನ್ನ 1963ರಲ್ಲಿ ಹೊರಗೆ ತಂತು. ನಮ್ಮ ದೇಶದ ಹಳ್ಳಿ ಮುಟ್ಟಿದ್ದು ಎಂಬತ್ತರ ದಶಕದಲ್ಲಿ. ಕ್ಯಾಸೆಟ್ಟಿನ ದೊಡ್ಡ ಗುಣ ಅದರ ಸದ್ದು ಅಲ್ಲ, ಅದರ ಸದ್ದು ಸಾಧಾರಣವೇ. ಅದರಲ್ಲಿ ಎರಡು ಗುಂಡಿ ಒಟ್ಟಿಗೆ ಒತ್ತಿದರೆ ರೆಕಾರ್ಡ್ ಆಗುತ್ತಿತ್ತು, ಅಷ್ಟೇ. ಸ್ಟುಡಿಯೋ ಬೇಡ, ಕಂಪನಿ ಬೇಡ, ಯಾರ ಅಪ್ಪಣೆಯೂ ಬೇಡ. ಒಬ್ಬರು ಹಾಡಿದ್ದನ್ನ ಇನ್ನೊಬ್ಬರು ಕಾಪಿ ಮಾಡಿ, ಅದನ್ನ ಮತ್ತೊಬ್ಬರು ಕಾಪಿ ಮಾಡಿ ಹಂಚಬಹುದಿತ್ತು. ಪೀಟರ್ ಮ್ಯಾನುಯೆಲ್ ಅನ್ನೋ ವಿದ್ವಾಂಸರು ಉತ್ತರ ಭಾರತದ ಈ ಕ್ಯಾಸೆಟ್ ಸಂಸ್ಕೃತಿ ಬಗ್ಗೆ 1993ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಎಚ್‌ಎಂವಿ ಥರದ ಒಂದು ದೊಡ್ಡ ಕಂಪನಿಯ ಹಿಡಿತದಲ್ಲಿದ್ದ ಸಂಗೀತದ ವ್ಯಾಪಾರ ಒಡೆದು, ಸಣ್ಣ ಸಣ್ಣ ಊರಿನ, ಸಣ್ಣ ಸಣ್ಣ ಸಮುದಾಯಗಳ ಹಾಡು ಮಾರುಕಟ್ಟೆಗೆ ಬಂದ ಕಥೆ ಅದು.

ಕರ್ನಾಟಕದಲ್ಲಿ ಕ್ಯಾಸೆಟ್ ಅಂದರೆ ಎಲ್ಲರಿಗೂ ನೆನಪಾಗೋದು ಭಾವಗೀತೆ. 1978ರ 'ನಿತ್ಯೋತ್ಸವ', ಆಮೇಲೆ 'ಮೈಸೂರು ಮಲ್ಲಿಗೆ', ಅಶ್ವತ್ಥ್ ಅವರ ದನಿಯ ಶಿಶುನಾಳ ಷರೀಫರು. ಒಳ್ಳೆಯವೇ, ನಾನೂ ಕೇಳಿದೀನಿ, ಈಗಲೂ ಕೇಳ್ತೀನಿ. ಆದರೆ ಅದೇ ಕಾಲದಲ್ಲಿ ಇನ್ನೊಂದು ಹಾಡಿನ ಹೊಳೆ ಹರೀತಿತ್ತು. 1975ರಲ್ಲಿ ಸಿದ್ದಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂತು. ಅದೇ ದಶಕದಲ್ಲಿ ಭದ್ರಾವತಿಯಲ್ಲಿ ಮೇಷ್ಟ್ರಾಗಿದ್ದ ಬಿ. ಕೃಷ್ಣಪ್ಪನವರ ಮುಂದಾಳತ್ವದಲ್ಲಿ ದಲಿತ ಸಂಘರ್ಷ ಸಮಿತಿ ಕಟ್ಟಿದರು. ಕೃಷ್ಣಪ್ಪನವರು ಹುಟ್ಟಿದ್ದು ಹರಿಹರದಲ್ಲಿ. ಹರಿಹರ ಆಗ ನಮ್ಮದೇ ಚಿತ್ರದುರ್ಗ ಜಿಲ್ಲೆ. ದಾವಣಗೆರೆ ಬೇರೆ ಜಿಲ್ಲೆ ಆಗಿದ್ದು 1997ರಲ್ಲಿ, ಕೃಷ್ಣಪ್ಪನವರು ತೀರಿಕೊಂಡಿದ್ದೂ ಅದೇ ವರ್ಷ. ಜನ್ನಿ, ಕೋಟಿಗಾನಹಳ್ಳಿ ರಾಮಯ್ಯ ಇವರ ಹಾಡುಗಳು, ಆಂಧ್ರದಿಂದ ಗದ್ದರ್ ದನಿ, ಇವೆಲ್ಲ ಜಾಥಾಗಳಲ್ಲಿ, ಅಧ್ಯಯನ ಶಿಬಿರಗಳಲ್ಲಿ ಒಬ್ಬರ ಬಾಯಿಂದ ಒಬ್ಬರಿಗೆ ಹೋದವು. ಶಿಬಿರದ ಮೂಲೇಲಿ ಯಾರೋ ಒಬ್ಬರು ಟೂ-ಇನ್-ಒನ್ ಇಟ್ಟುಕೊಂಡು ಕೂತಿರೋರು. ಮಹಾರಾಷ್ಟ್ರದಲ್ಲಿ ಇದು ದೊಡ್ಡ ಪ್ರಮಾಣದಲ್ಲಿ ನಡೀತು. ನಾಗಪುರದ ದೀಕ್ಷಾಭೂಮಿಯಲ್ಲಿ, ಡಿಸೆಂಬರ್ 6ಕ್ಕೆ ದಾದರಿನ ಚೈತ್ಯಭೂಮಿಯಲ್ಲಿ ಭೀಮಗೀತೆಗಳ ಕ್ಯಾಸೆಟ್ ಅಂಗಡಿ ಸಾಲೇ ಇರುತ್ತಿತ್ತು. ನಮ್ಮಲ್ಲಿ ಅಂಗಡಿ ಇರಲಿಲ್ಲ. ನಮ್ಮವು ಮನೆಮನೆಯ ಟ್ರಂಕಿನಲ್ಲೇ ಉಳಿದವು.

ಆ ಕ್ಯಾಸೆಟ್ಟಿನೊಳಗೆ ಏನೈತೆ? ಹೆಸರಾಂತ ಹಾಡಷ್ಟೇ ಅಲ್ಲ. ಅದೇ ರಾಗಕ್ಕೆ ಹಿರಿಯೂರಿನವರು ತಮ್ಮೂರ ಜಮೀನಿನ ಗಲಾಟೆ ಸೇರಿಸಿ ಕಟ್ಟಿದ ಪದ ಐತೆ. ಹೊಳಲ್ಕೆರೆ ಕಡೆ ಗಣಿಗೆ ಹೋಗೋ ಹೆಣ್ಣುಮಕ್ಕಳು ಹಾಡಿದ ಪದ ಐತೆ. ಹೋಟೆಲಿನಲ್ಲಿ ಬೇರೆ ಲೋಟ ಇಟ್ಟಿದ್ದರ ಮೇಲೆ ಕಟ್ಟಿದ್ದು ಐತೆ. ಹಾಡಿನ ನಡುವೆ ಭಾಷಣ, ಘೋಷಣೆ, ಕೂಸು ಅಳೋದು, ಹಿಂದಿನಿಂದ ಯಾರೋ "ಇನ್ನೊಂದ್ಸಲ ಹಾಡವ್ವ" ಅನ್ನೋದು. ಇವು ಯಾವ ಪುಸ್ತಕದಲ್ಲೂ ಬಂದಿಲ್ಲ. ಬರೆದವರ ಹೆಸರು ಗೊತ್ತಿರೋರೇ ಈಗ ಕಮ್ಮಿ.

ಹೊಸದುರ್ಗ ತಾಲ್ಲೂಕಿನ ಒಂದು ಕಾಲೋನಿಯಲ್ಲಿ ಒಬ್ಬ ಅವ್ವ ಇದ್ದಾರೆ. ಅವರ ಯಜಮಾನರು ಹಾಡುಗಾರರು, ತೀರಿಕೊಂಡು ಬಹಳ ವರ್ಷ ಆಯ್ತು. ಮನೇಲಿ ಅವರ ಒಂದು ಫೋಟೋ, ಒಂದು ಕ್ಯಾಸೆಟ್. ಕ್ಯಾಸೆಟ್ಟಿನ ಮೇಲಂಚಲ್ಲಿ ಎರಡು ಸಣ್ಣ ಪ್ಲಾಸ್ಟಿಕ್ ತುಣುಕು ಇರುತ್ತಲ್ಲ, ಅದನ್ನ ಮುರಿದರೆ ಅದರ ಮೇಲೆ ಮತ್ತೆ ರೆಕಾರ್ಡ್ ಆಗಲ್ಲ. ಯಾರೂ ಮುರಿದಿರಲಿಲ್ಲ. ಮನೆ ಹುಡುಗರು ಯಾವತ್ತೋ ಒಂದು ಮಗ್ಗುಲಿನ ಅರ್ಧಕ್ಕೆ ಸಿನಿಮಾ ಹಾಡು ತುಂಬಿಸಿಬಿಟ್ಟಿದ್ದರು. ನಾವು ಹಾಕಿ ಕೇಳಿಸಿದಾಗ ಸಿನಿಮಾ ಹಾಡು ಪಟ್ಟಂತ ನಿಂತು, ಅವರ ಯಜಮಾನರ ದನಿ ಹಾಡಿನ ನಡುವಿನಿಂದ ಎದ್ದು ಬಂತು. ಆ ಅವ್ವ ಮುಗಿಯೋವರೆಗೂ ಮಾತಾಡಲಿಲ್ಲ. ಆಮೇಲೆ, "ಅಷ್ಟಾದ್ರೂ ಉಳಿದೈತಲ್ಲಪ್ಪ" ಅಂದರು. ಮೊಮ್ಮಕ್ಕಳು ತಾತನ ದನಿ ಕೇಳಿದ್ದು ಅವತ್ತೇ ಮೊದಲು.

ಈಗ ಹೇಳಿ, ಇದು ಹೈಫೈ ಶೋಕಿಯಾ?

ಇನ್ನು ಇವತ್ತಿನ ವಿಷಯ. 1982ರಲ್ಲಿ ಸಿಡಿ ಬಂತು. ಸೆಕೆಂಡಿಗೆ 44,100 ಸಲ ಸದ್ದನ್ನು ಅಳೆದು, ಒಂದೊಂದು ಅಳತೆಯನ್ನು 16 ಬಿಟ್‌ನಲ್ಲಿ ಬರೆದಿಡೋದು ಸಿಡಿಯ ಲೆಕ್ಕ. ಎರಡು ಚಾನೆಲ್ ಸೇರಿದರೆ ಸೆಕೆಂಡಿಗೆ ಸುಮಾರು 1,411 ಕಿಲೋಬಿಟ್. ಐದು ನಿಮಿಷದ ಹಾಡಿಗೆ 50 ಎಂಬಿ ದಾಟುತ್ತೆ. ಆಮೇಲೆ ಎಂಪಿ3 ಬಂತು, ಅದೇ ಹಾಡು 128 ಕಿಲೋಬಿಟ್‌ಗೆ, ಅಂದರೆ 5 ಎಂಬಿ ಒಳಗೆ. ಹನ್ನೊಂದರಲ್ಲಿ ಒಂದು ಪಾಲು. ಒಂದು ಸಿಡಿಯಲ್ಲಿ ನೂರೈವತ್ತು ಹಾಡು, ಮೆಮೊರಿ ಕಾರ್ಡಿನಲ್ಲಿ ಸಾವಿರ ಹಾಡು, ಬಸ್‌ಸ್ಟ್ಯಾಂಡಿನ ಮೊಬೈಲ್ ಅಂಗಡೀಲಿ ಇಪ್ಪತ್ತು ರೂಪಾಯಿಗೆ ಡೌನ್‌ಲೋಡ್. 2016ರಲ್ಲಿ ಜಿಯೋ ಬಂದಮೇಲೆ ಅದೂ ಬೇಡವಾಯ್ತು. ಈಗ ಕಾಲ ಮತ್ತೆ ತಿರುಗಿದೆ. ನೆಟ್ ವೇಗ ಹೆಚ್ಚಾಯ್ತು, ಕಿತ್ತು ಹಾಕಿದ್ದ ಸದ್ದನ್ನ ಕಂಪನಿಗಳು ವಾಪಸ್ ಕೊಡ್ತಾ ಇದಾವೆ. 2021ರಲ್ಲಿ ಆಪಲ್ ಮ್ಯೂಸಿಕ್ ಏನೂ ಕಳೆಯದ 'ಲಾಸ್‌ಲೆಸ್' ಶುರು ಮಾಡಿತು, 2025ರ ಸೆಪ್ಟೆಂಬರಿನಲ್ಲಿ ಸ್ಪಾಟಿಫೈ ಘೋಷಿಸಿತು. ಟಿವಿ ಕೆಳಗೆ ಸೌಂಡ್‌ಬಾರ್, ಡಾಲ್ಬಿ ಅಟ್ಮಾಸ್, ಹೆಸರು ಕೂಗಿದರೆ ಹಾಡೋ ಸ್ಪೀಕರು. ಮುದುಕರಿಗೆ ಅಂತ ಸರಿಗಮದವರು 2017ರಲ್ಲಿ 'ಕಾರ್ವಾನ್' ತಂದರು, ಹಳೇ ರೇಡಿಯೋ ಥರದ ಪೆಟ್ಟಿಗೆ, ಒಳಗೆ 5,000 ಹಿಂದಿ ಹಾಡು ತುಂಬಿದ್ದು. ಕನ್ನಡದ್ದೂ ಬಂತು.

ಇದು ನಮ್ಮ ಕಾಲೋನಿಗೆ ಬಂದಿಲ್ಲ ಅಂತ ಹೇಳಬೇಡಿ. ಬಂದೈತೆ. ನಮ್ಮ ಹುಡುಗರು ಬೆಂಗಳೂರಲ್ಲಿ ದುಡೀತಾರೆ, ಹಬ್ಬಕ್ಕೆ ಬರುವಾಗ ಕಂತಿನ ಮೇಲೆ ಸೌಂಡ್‌ಬಾರ್ ತರ್ತಾರೆ. ಹೊಳಲ್ಕೆರೆ ಹತ್ತಿರ ಒಬ್ಬ ಹಿರಿಯ ಸಂಗಾತಿ ಮನೇಲಿ ಹಿಂಗೇ ಒಂದು ನೋಡಿದೆ. ಮಗ ಹೆಮ್ಮೆಯಿಂದ, "ಅಪ್ಪ, ಏನ್ ಬೇಕಾದ್ರೂ ಕೇಳು, ಹಾಡ್ತೈತೆ" ಅಂದ. ಇವರು ತಾವೇ ಎಂಬತ್ತರ ದಶಕದಲ್ಲಿ ಊರೂರಲ್ಲಿ ಹಾಡುತ್ತಿದ್ದ ಒಂದು ಹಾಡು ಕೇಳಿದರು. ಪೆಟ್ಟಿಗೆ ಒಂದು ಡಿಜೆ ರೀಮಿಕ್ಸ್ ಹಾಕ್ತು, ಇನ್ನೊಂದು ಸಲ ಕೇಳಿದರೆ ಒಂದು ದೇವರ ಭಜನೆ. ಅದೇ ಮನೆ ಅಟ್ಟದ ಮೇಲೆ ತಗಡಿನ ಡಬ್ಬಿಯಲ್ಲಿ ಆ ಹಾಡಿನ ಕ್ಯಾಸೆಟ್ ಐತೆ. ಅದನ್ನ ಹಾಕೋ ಟೇಪ್‌ರೆಕಾರ್ಡರಿನ ಬೆಲ್ಟು ಕರಗಿ ಅಂಟಾಗಿದೆ.

ನನ್ನ ತಕರಾರು ಇದು. ಸದ್ದು ಸುಧಾರಿಸ್ತಾ ಹೋದಂಗೆ, ಆ ಸದ್ದಿನೊಳಗೆ ಯಾರಿದ್ದಾರೆ ಅನ್ನೋದೂ ತೀರ್ಮಾನ ಆಗ್ತಾ ಹೋಗುತ್ತೆ. ಕಂಪನಿ ಹತ್ತಿರ ಮೂಲ ಟೇಪು ಇದ್ದವರ ಹಾಡು 24 ಬಿಟ್‌ನಲ್ಲಿ ಹೊಸದಾಗಿ ಹೊಳೀತಾ ವಾಪಸ್ ಬರುತ್ತೆ. ಟ್ರಂಕಿನಲ್ಲಿ ಇದ್ದವರದ್ದು ಬರಲ್ಲ. ನಾನು ಗುಮಾಸ್ತ. ಕಚೇರೀಲಿ ಒಂದು ಮಾತು ದಿನಾ ಕೇಳ್ತೀನಿ: ಕಡತದಲ್ಲಿ ಇಲ್ಲದ್ದು ನಡೆದೇ ಇಲ್ಲ. ನಾಳೆ ನಮ್ಮ ಮಕ್ಕಳು ಕೇಳೋ ಪೆಟ್ಟಿಗೆಯಲ್ಲಿ ನಮ್ಮ ಹಾಡು ಸಿಗಲಿಲ್ಲ ಅಂದರೆ, ಅವರ ಮಟ್ಟಿಗೆ ಅಂಥ ಚಳವಳಿಯೇ ನಡೆದಿಲ್ಲ.

ಜಾನಪದದ ದಾಖಲೆ ಮಾಡಿದವರು ಇಲ್ವಾ ಅಂದರೆ, ಇದಾರೆ. ರಾಮನಗರದ ಜಾನಪದ ಲೋಕ ಕಟ್ಟಿದ ಎಚ್.ಎಲ್. ನಾಗೇಗೌಡರು, ಹಂಪಿ ಕನ್ನಡ ವಿಶ್ವವಿದ್ಯಾಲಯದವರು, ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯದವರು ದೊಡ್ಡ ಕೆಲಸ ಮಾಡಿದಾರೆ. ನಮ್ಮದೇ ಜಿಲ್ಲೆಯ ಚಳ್ಳಕೆರೆ ಸೀಮೆಯ ಗೊಲ್ಲರಹಟ್ಟಿಯ ಸಿರಿಯಜ್ಜಿಯ ಹಾಡುಗಳನ್ನು ಕೃಷ್ಣಮೂರ್ತಿ ಹನೂರರು ಕೂತು ಸಂಗ್ರಹಿಸದಿದ್ದರೆ ಆ ಪದಗಳು ನಮಗೆ ಸಿಗ್ತಿರಲಿಲ್ಲ. ಆದರೆ ಹೋರಾಟದ ಹಾಡು ಯಾವ ಡಬ್ಬಿಗೂ ಸೇರಲ್ಲ ನೋಡಿ. ಬರೆದವರು ಯಾರು ಅಂತ ಇರೋದರಿಂದ ಜಾನಪದ ಅಲ್ಲ. ವೇದಿಕೆ ಮೇಲೆ ಹಾರ್ಮೋನಿಯಂ ಇಟ್ಟು ಹಾಡಿದ್ದಲ್ಲವಾದ್ದರಿಂದ ಸುಗಮ ಸಂಗೀತ ಅಲ್ಲ. ಸಿನಿಮಾ ಅಂತೂ ಅಲ್ಲ. ಹಂಗಾಗಿ ಯಾರ ಕಪಾಟಿಗೂ ಅದು ಹೋಗಲಿಲ್ಲ. ಅದನ್ನ ಎತ್ತಿಡಬೇಕಾದವರು ನಾವೇ.

ಸರಿ, ಎತ್ತಿಡೋಣ, ಅದಕ್ಕೆ ಒಳ್ಳೆ ಗುಣಮಟ್ಟ ಯಾಕೆ, ಮೊಬೈಲಲ್ಲಿ ರೆಕಾರ್ಡ್ ಮಾಡಿ ವಾಟ್ಸಾಪಿಗೆ ಹಾಕಿದರೆ ಸಾಲದಾ ಅಂತ ಕೇಳ್ತಾರೆ. ಸಾಲದು. ಕಾರಣ ಹೇಳ್ತೀನಿ.

ಎಂಪಿ3 ಅಂದರೆ ಕಿವಿಗೆ ಅಷ್ಟಾಗಿ ಗೊತ್ತಾಗದ ಭಾಗ ಇದು ಅಂತ ಲೆಕ್ಕ ಹಾಕಿ ಕಿತ್ತು ಹಾಕೋದು. ಯಾರ ಕಿವಿ, ಯಾವ ಸದ್ದು? ಜರ್ಮನಿಯ ಎಂಜಿನಿಯರುಗಳು ಇದನ್ನ ಹದ ಮಾಡುವಾಗ ಮತ್ತೆ ಮತ್ತೆ ಹಾಕಿ ಕೇಳಿದ್ದು ಅಮೆರಿಕದ ಸುಝಾನ್ ವೇಗಾ ಅನ್ನೋ ಗಾಯಕಿಯ ವಾದ್ಯವಿಲ್ಲದ ಒಂದು ಹಾಡನ್ನ. ತಪ್ಪೇನಿಲ್ಲ, ಅವರ ಕೈಗೆ ಸಿಕ್ಕಿದ್ದು ಅದು. ಆದರೆ ಕಡಿಮೆ ಬಿಟ್‌ನ ಎಂಪಿ3ಗೆ ಆಗದೇ ಇರೋದು ಏಟಿನ ಸದ್ದು. ಏಟು ಬೀಳೋಕೆ ಮುಂಚೆಯೇ ಅದರ ಮಸುಕು ನೆರಳು ಕೇಳಿಸಿಬಿಡುತ್ತೆ, ಅದಕ್ಕೆ ಪ್ರೀ-ಎಕೋ ಅಂತಾರೆ. ಸ್ಪೇನಿನ ಕ್ಯಾಸ್ಟನೆಟ್ ಅನ್ನೋ ಚಿಟಿಕೆ ವಾದ್ಯ ಹಾಕಿ ಈ ದೋಷ ಪರೀಕ್ಷೆ ಮಾಡ್ತಾರೆ. ನಮ್ಮ ತಮಟೆ ಹಾಕಿದ್ದರೂ ಅದೇ ದೋಷ ಎದ್ದು ಕಾಣುತ್ತಿತ್ತು. ತಮಟೆಯ ಜೀವ ಇರೋದೇ ಆ ಏಟಿನ ಮೊದಲ ಕ್ಷಣದಲ್ಲಿ. ಬೆಂಕಿಗೆ ಕಾಸಿ ಬಿಗಿ ಮಾಡಿದ ಚರ್ಮದ ಮೇಲೆ ದಪ್ಪ ಕೋಲು ಬಿದ್ದದ್ದು ಬೇರೆ, ಸಣ್ಣ ಕಡ್ಡಿ ಬಿದ್ದದ್ದು ಬೇರೆ. ಉರುಮೆಯನ್ನ ಉಜ್ಜಿದಾಗ ಬರೋ ಆ ಗುಂಯ್ ಅನ್ನೋ ದನಿ ಮೊಬೈಲಿನ ಸ್ಪೀಕರಿನಲ್ಲಿ ಬರೋದೇ ಇಲ್ಲ. ಇನ್ನು ಮೊಬೈಲ್ ಕರೆಯಲ್ಲಿ, ಮೀಟಿಂಗ್ ಆಪ್‌ಗಳಲ್ಲಿ ಒಂದು ವ್ಯವಸ್ಥೆ ಐತೆ: ಮನುಷ್ಯರ ದನಿ ಬಿಟ್ಟು ಉಳಿದದ್ದೆಲ್ಲ ಗಲಾಟೆ ಅಂತ ಒತ್ತಿಬಿಡುತ್ತೆ. ಆನ್‌ಲೈನ್ ಕಾರ್ಯಕ್ರಮದಲ್ಲಿ ತಮಟೆ ಬಾರಿಸಿ ನೋಡಿ, ಎರಡು ಏಟು ಕೇಳಿಸಿ ನಿಂತು ಹೋಗುತ್ತೆ. ಊರಿನವರು ನಮ್ಮ ವಾದ್ಯಕ್ಕೆ ಗಲಾಟೆ ಅಂತಿದ್ದರು, ಈಗ ಯಂತ್ರಕ್ಕೂ ಅದನ್ನೇ ಕಲಿಸಿದಾರೆ.

ಹಂಗಂತ ನಾನು ಕಂಪನಿಗಳ ಹೈ-ರೆಸ್ ಮಾತಿಗೆ ಮರುಳಾಗಿ ಅಂತ ಹೇಳ್ತಿಲ್ಲ. 192 ಕಿಲೋಹರ್ಟ್ಸ್, ಚಿನ್ನದ ಲೇಪದ ವೈರು, ಇವೆಲ್ಲ ಬಹುಪಾಲು ವ್ಯಾಪಾರ. ಮನುಷ್ಯರ ಕಿವಿಗೆ ಕೇಳೋದು ಹೆಚ್ಚೆಂದರೆ 20 ಕಿಲೋಹರ್ಟ್ಸ್, ವಯಸ್ಸಾದಂತೆ ಅದೂ ಇಳಿಯುತ್ತೆ. ಕೇಳೋಕೆ ಸಿಡಿ ಮಟ್ಟದ ಸದ್ದು ಸಾಕು. ಹಂಗೇ ಜಯಂತಿ ಮೆರವಣಿಗೆಯ ಡಿಜೆಯನ್ನೂ ಒಳ್ಳೆ ಸದ್ದು ಅಂತ ತಿಳಿಯಬೇಡಿ. ಜೋರು ಬೇರೆ, ಸ್ಪಷ್ಟ ಬೇರೆ. ಎದೆ ನಡುಗಿಸೋ ಆ ಸದ್ದಿನಲ್ಲಿ ಹಾಡಿನ ಒಂದು ಪದ ಅರ್ಥ ಆಗುತ್ತಾ? ಪದ ಅರ್ಥ ಆಗದ ಹೋರಾಟದ ಹಾಡು ಇದ್ದೇನು ಪ್ರಯೋಜನ?

ಈಗ "ಹೋರಾಟಗಾರರಿಗೆ ಇದೆಲ್ಲ ಐಷಾರಾಮಿ" ಅನ್ನೋ ಮಾತಿಗೆ ಬರ್ತೀನಿ. ಬಾಬಾಸಾಹೇಬರು ಸೂಟು ಹಾಕಿದ್ದು ಯಾಕೆ ಅಂತ ನಾವೇ ಭಾಷಣದಲ್ಲಿ ಹೇಳ್ತೀವಿ. ಹರಕು ಬಟ್ಟೆ ನಮ್ಮ ಹಣೆಬರಹ ಅಂದವರಿಗೆ ಅದೇ ಉತ್ತರ ಅಂತೀವಿ. ಅದೇ ಬಾಬಾಸಾಹೇಬರು ಇಳಿವಯಸ್ಸಿನಲ್ಲಿ ವಯೊಲಿನ್ ಕಲಿಯೋಕೆ ಕೂತಿದ್ದರು ಅನ್ನೋದನ್ನ ಮಾತ್ರ ಯಾಕೆ ಹೇಳಲ್ಲ? ಸಂವಿಧಾನ ಬರೆದ ಕೈ, ಮೈಯಲ್ಲಿ ಕಾಯಿಲೆ, ಆದರೂ ವಯೊಲಿನ್. ಸೊಗಸಾದದ್ದು ಬೇಕು ಅನ್ನೋದು ಹೋರಾಟಕ್ಕೆ ವಿರುದ್ಧ ಅಂತ ಅವರಿಗೆ ಅನ್ನಿಸಲಿಲ್ಲ. ಇನ್ನೊಂದು ಮಾತು. 1955ರಲ್ಲಿ ಬಿಬಿಸಿಯವರು ಮಾಡಿದ ಬಾಬಾಸಾಹೇಬರ ಸಂದರ್ಶನ ಈಗಲೂ ನಾವು ಕೇಳ್ತೀವಿ, ಗಾಂಧಿ ಬಗ್ಗೆ ಅವರು ಆಡಿದ ಮಾತಿನ ಖಾರ ಅವರದೇ ದನಿಯಲ್ಲಿ ಸಿಗುತ್ತೆ. ಯಾಕೆ ಸಿಗುತ್ತೆ? ಯಾರೋ ಟೇಪನ್ನ ಜೋಪಾನ ಮಾಡಿದರು, ಅದಕ್ಕೆ. ಬರಹದಲ್ಲಿ ಮಾತ್ರ ಇದ್ದಿದ್ದರೆ ಆ ದನಿಯ ಬಿರುಸು ನಮಗೆ ಗೊತ್ತೇ ಆಗ್ತಿರಲಿಲ್ಲ. ಸಿದ್ದಲಿಂಗಯ್ಯನವರು 2021ರಲ್ಲಿ ಹೋದರು, ಗದ್ದರ್ 2023ರಲ್ಲಿ ಹೋದರು. ಅವರಿಗಾದರೆ ಹೆಸರಿತ್ತು, ಅಲ್ಲಿ ಇಲ್ಲಿ ದನಿ ಉಳಿದೈತೆ. ನಮ್ಮ ತಾಲ್ಲೂಕಿನ ಹಾಡುಗಾರರು ಹೋದಾಗ ಏನು ಉಳಿಯುತ್ತೆ?

"ಯೂಟ್ಯೂಬಿನಲ್ಲಿ ಇದಾವಲ್ಲ" ಅನ್ನೋರಿಗೆ ಒಂದು ಎಚ್ಚರಿಕೆ. ಬೇರೆಯವರ ಜಮೀನಿನಲ್ಲಿ ಗುಡಿಸಲು ಹಾಕಿದವರ ಪಾಡು ನಮಗೆ ಹೊಸದಲ್ಲ. ವಿಂಕ್ ಮ್ಯೂಸಿಕ್, ರೆಸ್ಸೋ ಎರಡೂ 2024ರಲ್ಲಿ ನಮ್ಮ ದೇಶದಲ್ಲಿ ಬಾಗಿಲು ಹಾಕಿದವು. ಮೈಸ್ಪೇಸ್ ಅನ್ನೋ ದೊಡ್ಡ ತಾಣ ಜನರು ಹನ್ನೆರಡು ವರ್ಷ ಹಾಕಿದ್ದ ಹಾಡುಗಳನ್ನ ಸರ್ವರ್ ಬದಲಾಯಿಸುವಾಗ ಕಳಕೊಂಡಿತು, 2019ರಲ್ಲಿ ಒಪ್ಪಿಕೊಂಡಿತು. ಕೋಟಿಗಟ್ಟಲೆ ಹಾಡು ಹೋಯ್ತು, ಕ್ಷಮಿಸಿ ಅಂದರು, ಅಷ್ಟೇ. ಯೂಟ್ಯೂಬಿಗೆ ಹಾಕಿ, ಬೇಡ ಅನ್ನಲ್ಲ. ಆದರೆ ಮೂಲ ನಿಮ್ಮ ಕೈಯಲ್ಲಿರಲಿ.

ಇನ್ನೂ ಒಂದು ಗಂಟು ಬಿಡಿಸಬೇಕು. ತಮಟೆ ರೆಕಾರ್ಡ್ ಮಾಡೋಣ ಅಂದಾಗ ನಮ್ಮಲ್ಲೇ ಕೆಲವರು ಮುಖ ಸಿಂಡರಿಸಿದರು. ಅವರ ನೋವು ನ್ಯಾಯವಾದದ್ದು. ಸತ್ತವರ ಮನೆ ಮುಂದೆ, ಜಾತ್ರೇಲಿ, ಊರಿಗೆ ಸಾರು ಹಾಕೋಕೆ ಬಿಟ್ಟಿ ಚಾಕರಿಯಾಗಿ ಬಾರಿಸಿದ ವಾದ್ಯ ಅದು. ಬಾರಿಸಲ್ಲ ಅಂದವರಿಗೆ ಏಟು ಬಿದ್ದಿವೆ, ಬಹಿಷ್ಕಾರ ಹಾಕಿದಾರೆ. ತಮಟೆ ಬಿಡಿ ಅಂತ ಹೇಳಿದ ಚಳವಳಿಯೂ ನಮ್ಮದೇ, ತಮಟೆ ಹಿಡಿದು ಬೀದಿಗೆ ಬಂದ ಚಳವಳಿಯೂ ನಮ್ಮದೇ. ಎರಡೂ ಸರಿ ಅಂತೀನಿ ನಾನು. ಬಿಟ್ಟಿ ಬಾರಿಸೋದು ನಿಲ್ಲಲಿ. ಕಲಾವಿದರಾಗಿ, ಕೂಲಿ ಅಲ್ಲ ಸಂಭಾವನೆ ಪಡೆದು, ಹೆಸರು ಹಾಕಿಸಿಕೊಂಡು ಬಾರಿಸೋದು ಶುರುವಾಗಲಿ. ಚಿಕ್ಕಬಳ್ಳಾಪುರ ಜಿಲ್ಲೆಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ತಮಟೆಗಾಗಿ ಪದ್ಮಶ್ರೀ ಬಂತು. ಚೆನ್ನೈನಲ್ಲಿ ಪಾ. ರಂಜಿತ್ ಬೆನ್ನಿಗೆ ನಿಂತ ಕ್ಯಾಸ್ಟ್‌ಲೆಸ್ ಕಲೆಕ್ಟಿವ್ ತಂಡ ಪರೈ ವಾದ್ಯವನ್ನ ಗಿಟಾರಿನ ಪಕ್ಕದಲ್ಲಿ ನಿಲ್ಲಿಸಿ 2018ರಲ್ಲಿ ವೇದಿಕೆ ಹತ್ತಿತು. ಸಿನಿಮಾದವರಿಗೂ ನಮ್ಮ ತಾಳ ಬೇಕು, ಥಿಯೇಟರಿನ ಅಟ್ಮಾಸ್‌ನಲ್ಲಿ ಅದು ಗುಡುಗುತ್ತೆ. ಬಾರಿಸಿದವರ ಹೆಸರು ಮಾತ್ರ ಪರದೆ ಮೇಲೆ ಹುಡುಕಬೇಕು.

ಹೆಸರಿನ ಮಾತು ದುಡ್ಡಿನ ಮಾತೂ ಹೌದು. 'ಎಂಜಾಯ್ ಎಂಜಾಮಿ' 2021ರಲ್ಲಿ ಜಗತ್ತೆಲ್ಲ ಕೇಳಿತು. ಅದರಿಂದ ತಮಗಾಗಲಿ ಹಾಡಿದ ಅರಿವು, ಧೀ ಅವರಿಗಾಗಲಿ ಒಂದು ಪೈಸೆ ಬಂದಿಲ್ಲ ಅಂತ ಸಂತೋಷ್ ನಾರಾಯಣನ್ 2024ರಲ್ಲಿ ಬಹಿರಂಗವಾಗಿ ಹೇಳಿದರು. ಅಷ್ಟು ಹೆಸರಾದವರ ಕಥೆಯೇ ಇದು. ನಮ್ಮ ಹೊಳಲ್ಕೆರೆ ಅಣ್ಣನ ಹಾಡನ್ನ ನಾಳೆ ಯಾರೋ 'ಸಾಂಪ್ರದಾಯಿಕ' ಅಂತ ಬರೆದು ತಮ್ಮ ಹೆಸರಿಗೆ ಹಾಕಿಕೊಂಡರೆ ಕೇಳೋರು ಯಾರು? 2012ರಲ್ಲಿ ಕೃತಿಸ್ವಾಮ್ಯ ಕಾಯ್ದೆ ತಿದ್ದಿದಾಗ ಹಾಡು ಬರೆದವರಿಗೂ ರಾಯಧನದ ಹಕ್ಕು ಗಟ್ಟಿಯಾಯ್ತು. ಆದರೆ ಬರೆದವರು ಯಾರು ಅಂತ ಕಾಗದದಲ್ಲಿ ಇದ್ದರೆ ತಾನೇ ಹಕ್ಕು?

ಮಾಡಬೇಕಾದ್ದು ಹೇಳ್ತೀನಿ. ಕಷ್ಟದ ಕೆಲಸ ಅಲ್ಲ.

ಒಂದು. ಕ್ಯಾಸೆಟ್ ಸಿಕ್ಕ ಕೂಡಲೇ ಹಾಕಿ ಕೇಳಬೇಡಿ. ಮೊದಲು ಮೇಲಂಚಿನ ಆ ಎರಡು ತುಣುಕು ಮುರೀರಿ. ರೀಲಿನ ಮೇಲೆ ಬಿಳಿ ಬೂಷ್ಟು ಇದ್ದರೆ ಬೇರೆ ಇಡಿ, ಮಿಷನ್ನಿಗೆ ಹಾಕಬೇಡಿ. ಪೆನ್ಸಿಲ್ ತೂರಿಸಿ ಕೈಯಲ್ಲೇ ತಿರುಗಿಸಿ, ರೀಲು ಅಂಟಿಲ್ಲ ಅಂತ ನೋಡಿ.

ಎರಡು. ಸರಿ ಇರೋ ಒಂದು ಡೆಕ್ ಸಾಕು ನಾಲ್ಕು ತಾಲ್ಲೂಕಿಗೆ. ಟೇಪ್‌ರೆಕಾರ್ಡರ್ ರಿಪೇರಿ ಬಲ್ಲವರು ಇನ್ನೂ ಇದಾರೆ, ಹೊಸ ಬೆಲ್ಟು ಹಾಕ್ತಾರೆ, ಹೆಡ್ಡು ಸ್ಪಿರಿಟ್ಟಿನಲ್ಲಿ ಒರೆಸಿ ಕೊಡ್ತಾರೆ. ಅಲ್ಲಿಂದ ವೈರಿನಲ್ಲಿ ಯುಎಸ್‌ಬಿ ಆಡಿಯೋ ಕಾರ್ಡಿಗೆ, ಅಲ್ಲಿಂದ ಲ್ಯಾಪ್‌ಟಾಪಿಗೆ. ಆಡಾಸಿಟಿ ಅನ್ನೋ ತಂತ್ರಾಂಶ ಪುಕ್ಕಟೆ ಸಿಗುತ್ತೆ. 48 ಕಿಲೋಹರ್ಟ್ಸ್, 24 ಬಿಟ್, ವೇವ್ ಫೈಲು. ಒಂದು ಗಂಟೆಯ ಕ್ಯಾಸೆಟ್ಟಿಗೆ ಸುಮಾರು ಒಂದು ಜಿಬಿ. ಹಳೇ ಟೇಪಿನ ಸದ್ದು ಇದರಿಂದ ಉತ್ತಮ ಆಗಲ್ಲ, ಇರೋದು ಇನ್ನಷ್ಟು ಹಾಳಾಗಲ್ಲ, ಅಷ್ಟೇ ಲಾಭ. ಸುಯ್ ಅನ್ನೋ ಸದ್ದು ತೆಗೀತೀನಿ ಅಂತ ಮೂಲ ಫೈಲಿಗೆ ಕೈ ಹಾಕಬೇಡಿ. ಸ್ವಚ್ಛ ಮಾಡೋದು, ಎಂಪಿ3 ಮಾಡೋದು ಎಲ್ಲ ನಕಲಿನಲ್ಲಿ. ವಾಟ್ಸಾಪಿನಲ್ಲಿ ಕಳಿಸೋದಾದರೆ ಡಾಕ್ಯುಮೆಂಟ್ ಅಂತ ಕಳಿಸಿ.

ಮೂರು. ಒಂದೊಂದು ಫೈಲಿಗೂ ಒಂದು ಪುಟ ಬರೀರಿ: ಹಾಡಿದವರು, ಬರೆದವರು, ಊರು, ವರ್ಷ, ಯಾವ ಕಾರ್ಯಕ್ರಮ, ಕ್ಯಾಸೆಟ್ ಕೊಟ್ಟವರು. ಈ ಕೆಲಸಕ್ಕೆ ನಾನಿದೀನಿ, ದಾಖಲೆ ಬರೆಯೋದೇ ನನ್ನ ಹೊಟ್ಟೆಪಾಡು.

ನಾಲ್ಕು. ಮೂರು ಕಡೆ ಇಡಿ. ಎರಡು ಹಾರ್ಡ್‌ಡಿಸ್ಕು ಬೇರೆ ಬೇರೆ ಊರಲ್ಲಿ, ಒಂದು ಪ್ರತಿ ಇಂಟರ್ನೆಟ್ ಆರ್ಕೈವಿನಲ್ಲಿ. ಆ ಆರ್ಕೈವಿಗೂ 2024ರ ಅಕ್ಟೋಬರಿನಲ್ಲಿ ಹ್ಯಾಕರುಗಳು ನುಗ್ಗಿ ಕೆಲವು ದಿನ ನಿಂತಿತ್ತು, ಅದೊಂದನ್ನೇ ನಂಬಬೇಡಿ.

ಐದು. ಎಲ್ಲವನ್ನೂ ಹೊರಗೆ ಹಾಕಬೇಡಿ. ಕೆಲವು ಟೇಪಿನಲ್ಲಿ ದೌರ್ಜನ್ಯಕ್ಕೆ ಒಳಗಾದ ಹೆಣ್ಣುಮಕ್ಕಳು ಹೆಸರು ಹೇಳಿ ಮಾತಾಡಿದಾರೆ. ಹಾಡಿದವರು ಇದ್ದರೆ ಅವರನ್ನ, ಇಲ್ಲದಿದ್ದರೆ ಮನೆಯವರನ್ನ ಕೇಳಿ. ಬೇಡ ಅಂದರೆ ಬೇಡ.

ಆರು. ಕೇಳೋಕೆ ಜಾಗ ಮಾಡಿ. ಮನೆಯ ಸೌಂಡ್‌ಬಾರ್ ಮನೆಯವರಿಗೆ. ರೇಡಿಯೋ ಮುಂದೆ ಬೀದಿ ಕೂತಂಗೆ ಕೂರೋಕೆ ನಮಗೆ ಭವನಗಳಿದಾವೆ, ವರ್ಷದಲ್ಲಿ ಮುನ್ನೂರು ದಿನ ಬೀಗ ಹಾಕಿರ್ತಾವೆ. ಒಂದು ಒಳ್ಳೆ ಮೊಬೈಲಿನ ದುಡ್ಡಲ್ಲಿ ಎರಡು ಸ್ಪಷ್ಟ ಸದ್ದಿನ ಸ್ಪೀಕರ್ ಬರುತ್ತೆ. ತಿಂಗಳಿಗೊಂದು ಭಾನುವಾರ ಒಂದು ಕ್ಯಾಸೆಟ್ ಪೂರ್ತಿ ಕೇಳೋಣ, ಆ ಹಾಡಿನ ಹಿಂದಿನ ಗಲಾಟೆ ಏನಾಗಿತ್ತು ಅಂತ ಹಿರಿಯರು ಹೇಳಲಿ. ಬಗರ್‌ಹುಕುಂ ಅರ್ಜಿಯ ಮಾತೂ ಅಲ್ಲೇ ಶುರುವಾಗುತ್ತೆ, ನೋಡ್ತಾ ಇರಿ. ಮೊದಲೂ ಹಂಗೇ ಶುರುವಾಗಿತ್ತಲ್ಲ? ಜನ ಸೇರಿದ್ದು ಹಾಡಿಗೆ, ಅರ್ಜಿ ಬರೆದದ್ದು ಆಮೇಲೆ.

ಬರುವ ಏಪ್ರಿಲ್ 14ರೊಳಗೆ ತಾಲ್ಲೂಕಿಗೆ ಹತ್ತು ಕ್ಯಾಸೆಟ್ ಅಂತ ಗುರಿ ಇಟ್ಟುಕೊಳ್ಳೋಣ. ನಿಮ್ಮ ಮನೆ ಅಟ್ಟ, ಟ್ರಂಕು, ಅಜ್ಜಿ ಪೆಟ್ಟಿಗೆ ಒಂದು ಸಲ ನೋಡಿ. ಏನಾದರೂ ಸಿಕ್ಕರೆ ಕೆಳಗೆ ಊರಿನ ಹೆಸರು ಮಾತ್ರ ಬರೀರಿ, ನಾನೇ ಬರ್ತೀನಿ. ನಡೆಯೋ ಡೆಕ್ ಇರೋರು, ರಿಪೇರಿ ಬಲ್ಲೋರು ಇದ್ದರೆ ತಿಳಿಸಿ. ಹಿರಿಯೂರು ಕಡೆಯಿಂದ ಇನ್ನೂ ಯಾರೂ ಮಾತಾಡಿಲ್ಲ, ಅಲ್ಲಿನ ಸಂಗಾತಿಗಳು ಸ್ವಲ್ಪ ಎಚ್ಚರ ಆಗ್ರಪ್ಪ.

ಜೈಭೀಮ್.